ಒಂದು ಕೊರಳು, ಎರಡು ನಾದ

ಈ ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ಎಂದಿನಂತೆ ನನ್ನಿಂದ ಛಂದಸ್ಸನ್ನು ಕುರಿತೋ ಹಳಗನ್ನಡ ವ್ಯಾಕರಣವನ್ನು ಕುರಿತೋ ಒಂದು ಲೇಖನವನ್ನು ನಿರೀಕ್ಷಿಸಿದ್ದರು. ಹಿಂದಿನ ಸಂಚಿಕೆಗಳಲ್ಲಿ ನಾನು ಬರೆದ ಅಂತಹ ಲೇಖನಗಳನ್ನು ಕರಡು ತಿದ್ದಿದವರನ್ನುಳಿದು ಮತ್ತೆಷ್ಟು ಮಂದಿ ಓದಿದರೆಂಬುದನ್ನು ಬಲ್ಲೆನಾದ್ದರಿಂದ, ಈ ಸಲ ಅವರ ಅನುಮತಿ ಪಡೆದು ಬೇರೊಂದು ವಿಷಯವನ್ನು ಕೈಗೆತ್ತಿಕೊಂಡಿದ್ದೇನೆ. ಕಳೆದ ಒಂದು ವರ್ಷದಿಂದ ನನ್ನನ್ನು ಬಿಡದೆ ಹಿಡಿದಿರುವ ಒಂದು ಗಾನಪದ್ಧತಿಯನ್ನು ವಾಚಕರಿಗೆ ಪರಿಚಯಿಸುವುದೇ ಈ ಬರಹದ ಉದ್ದೇಶ. ಅದು ನಮ್ಮ ನಾಡಿನದಲ್ಲ, ನಮ್ಮ ದೇಶದ್ದೂ ಅಲ್ಲ. ಅದು ನನಗೆ ದೊರೆತದ್ದು ಯಾವ ಗ್ರಂಥದಲ್ಲಿಯೂ ಅಲ್ಲ, ಸಭೆಯಲ್ಲಿಯೂ ಅಲ್ಲ, ಅಂತರ್ಜಾಲದಲ್ಲಿ. ನಾನು ಸಂಗೀತ ವಿದ್ವಾಂಸನಲ್ಲ. ಕಾವ್ಯವಾಚನಕ್ಕೆ ಬೇಕಾಗುವಷ್ಟು ಶ್ರುತಿಜ್ಞಾನ, ಹತ್ತಿಪ್ಪತ್ತು ರಾಗಗಳ ಪರಿಚಯ, ಇಷ್ಟೇ ನನ್ನ ಬಂಡವಾಳ. ಮುಂದೆ ಬರುವ ಲೆಕ್ಕಾಚಾರಗಳನ್ನು ನಮ್ಮ ಭೌತವಿಜ್ಞಾನದ ಸಹೋದ್ಯೋಗಿಗಳು ನೋಡಿ ತಿದ್ದಿಕೊಟ್ಟಿದ್ದಾರೆ.

ಮೊದಲಿಗೆ ಒಂದು ತಪ್ಪೊಪ್ಪಿಗೆ. ಸುಮಾರು ಹದಿನೈದು ವರ್ಷಗಳ ಹಿಂದೆ ನನ್ನ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ನಾನು ಹರಿಶ್ಚಂದ್ರ ಕಾವ್ಯದ ಭಾಗವೊಂದನ್ನು ವಾಚಿಸುತ್ತಿರಲು, ಆತ ಅಂಗಿಯ ತೋಳಿನೊಳಗಿನಿಂದ ತಂತಿಯೊಂದನ್ನು ಎಳೆದುಕೊಂಡು, ಅದರ ತುದಿಯನ್ನು ಕಿವಿಗೆ ಸಿಕ್ಕಿಸಿ, ಕೆನ್ನೆಗೆ ಅಂಗೈಯನ್ನು ಮುಚ್ಚಿ ಕುಳಿತಿದ್ದ. ನಾನು ಆ ಇಯರ್‌ಫೋನನ್ನು ಕಿತ್ತುಕೊಂಡು, ‘ಕಿವಿಗೆ ಬಿರಡೆ ಜಡಿದುಕೊಂಡವನಿಗೆ ಸರಸ್ವತಿಯೇ ಬಂದು ಹಾಡಿದರೂ ಕೇಳಿಸದು’ ಎಂದು ಇಡೀ ತರಗತಿಯ ಮುಂದೆ ಗದರಿಸಿದೆ. ಮಕ್ಕಳು ನಕ್ಕರು. ಅದನ್ನು ಮೇಜಿನ ಒಳಗೂಡಿನಲ್ಲಿಟ್ಟು ಬೀಗ ಹಾಕಿದೆ. ಅವನು ಮರಳಿ ಕೇಳಲಿಲ್ಲ, ನಾನಾಗಿ ಕೊಡಲಿಲ್ಲ. ಪಾಠದ ನಡುವೆ ಹಾಡು ಕೇಳಿದ್ದು ತಪ್ಪೆಂಬುದರಲ್ಲಿ ನನಗೆ ಈಗಲೂ ಸಂದೇಹವಿಲ್ಲ. ಆದರೆ ಅವನು ಅಷ್ಟು ತನ್ಮಯನಾಗಿ ಏನನ್ನು ಕೇಳುತ್ತಿದ್ದನೆಂದು ನಾನು ವಿಚಾರಿಸಲಿಲ್ಲ. ವಿಚಾರಿಸಬೇಕೆಂದು ತೋರಲೂ ಇಲ್ಲ.

ಅದೇ ಹುಡುಗ ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಕಳೆದ ವರ್ಷದ ಶ್ರಾವಣದಲ್ಲಿ ಒಂದು ಸಂಜೆ ಅವನಿಂದ ನನ್ನ ಮೊಬೈಲಿಗೆ ಒಂದು ಹಾಡಿನ ಕೊಂಡಿ ಬಂದಿತು. ಅದರ ಕೆಳಗೆ, ‘ಗುರುಗಳೇ, ದಯವಿಟ್ಟು ಒಮ್ಮೆ ಕೇಳಿ. ಹಾಡುತ್ತಿರುವವನು ಒಬ್ಬನೇ’ ಎಂದು ಬರೆದಿದ್ದ. ಒಬ್ಬನೇ ಹಾಡಿದರೆ ಅದರಲ್ಲಿ ವಿಶೇಷವೇನೆಂದು ನಾನು ಒಂದು ವಾರ ಅದನ್ನು ತೆರೆಯಲೇ ಇಲ್ಲ. ಕೊನೆಗೆ ನನ್ನ ಮಗಳು ಅದನ್ನು ಮನೆಯ ಟಿ.ವಿ.ಗೆ ಜೋಡಿಸಿ ಹಚ್ಚಿದಳು.

ಗುಡ್ಡಗಳ ಹಿನ್ನೆಲೆಯಲ್ಲಿ ಉದ್ದನೆಯ ನಿಲುವಂಗಿ ತೊಟ್ಟ ಒಬ್ಬ ಮನುಷ್ಯ ಕುಳಿತಿದ್ದ. ಮಡಿಲಿನಲ್ಲಿ ಎರಡು ತಂತಿಗಳ ಕಮಾನುವಾದ್ಯ. ಅದರ ತುದಿಯಲ್ಲಿ ಕೆತ್ತಿದ ಕುದುರೆಯ ತಲೆ. ಆತ ಬಾಯಿ ತೆರೆದು ಒಂದು ಸ್ವರವನ್ನು ಹಿಡಿದ. ದುಂಬಿಯ ಮೊರೆತದಂತೆ, ಗಟ್ಟಿಯಾಗಿ, ಕೊಂಚ ಒರಟಾಗಿ ಆ ಸ್ವರ ನಿಂತಿತು. ನಾಲ್ಕೈದು ಗಳಿಗೆ ಉಸಿರಿನಷ್ಟು ಕಾಲ ಕಳೆದಿರಬೇಕು, ಅದರ ಮೇಲೆ, ಬಹು ಎತ್ತರದಲ್ಲಿ, ಕೊಳಲಿನಂತಹ ಇನ್ನೊಂದು ನಾದ ಹೊರಟು ರಾಗವಾಗಿ ಚಲಿಸತೊಡಗಿತು. ಕೆಳಗಿನ ಸ್ವರ ಮಾತ್ರ ಅಲುಗಲಿಲ್ಲ. ‘ಕೊಳಲಿನವನನ್ನು ತೋರಿಸುತ್ತಿಲ್ಲವಲ್ಲ?’ ಎಂದೆ. ‘ಕೊಳಲಿನವನು ಇಲ್ಲ ಅಪ್ಪಾಜಿ, ಅವನ ತುಟಿ ನೋಡಿ’ ಎಂದಳು. ತುಟಿಗಳು ಬಹು ಸೂಕ್ಷ್ಮವಾಗಿ ಆಡುತ್ತಿದ್ದವು. ಎರಡು ನಾದಗಳೂ ಒಂದೇ ಕೊರಳಿನಿಂದ ಹೊರಡುತ್ತಿದ್ದವು. ಆ ರಾತ್ರಿ ನಾನು ಅದನ್ನು ಏಳು ಬಾರಿ ಕೇಳಿದೆನೆಂದು ಮಗಳು ಹೇಳುತ್ತಾಳೆ, ನಾನು ಎಣಿಸಿರಲಿಲ್ಲ.

ಆ ನಾಡಿನ ಹೆಸರು ತೂವಾ. ರಷ್ಯಾ ಒಕ್ಕೂಟಕ್ಕೆ ಸೇರಿದ ಗಣರಾಜ್ಯವದು. ಸೈಬೀರಿಯದ ದಕ್ಷಿಣದಂಚಿನಲ್ಲಿ, ಮಂಗೋಲಿಯಕ್ಕೆ ಉತ್ತರದಲ್ಲಿದೆ. ವಿಸ್ತೀರ್ಣ ಸುಮಾರು ೧,೬೮,೦೦೦ ಚದರ ಕಿಲೋಮೀಟರು, ಎಂದರೆ ನಮ್ಮ ಕರ್ನಾಟಕಕ್ಕಿಂತ ತುಸು ಚಿಕ್ಕದು. ಆದರೆ ಜನಸಂಖ್ಯೆ ಮೂರು ಲಕ್ಷ ಚಿಲ್ಲರೆ ಮಾತ್ರ. ರಾಜಧಾನಿಯಾದ ಕಿಜಿಲ್ ನಗರದ ಬಳಿ ಎರಡು ಹೊಳೆಗಳು ಕೂಡಿ ಯೆನಿಸೇ ಮಹಾನದಿಯಾಗುತ್ತವೆ; ಏಷ್ಯಾಖಂಡದ ನಡುಬಿಂದು ತಮ್ಮ ಊರೇ ಎಂದು ಅಲ್ಲಿಯವರು ಒಂದು ಸ್ಮಾರಕವನ್ನೂ ನಿಲ್ಲಿಸಿಕೊಂಡಿದ್ದಾರೆ. ಭಾಷೆ ತುರ್ಕಿ ಕುಲದ್ದು. ಧರ್ಮದಲ್ಲಿ ಟಿಬೆಟ್ಟಿನಿಂದ ಬಂದ ಬೌದ್ಧಮತವೂ ಅದಕ್ಕೂ ಹಿಂದಿನ ಪ್ರಕೃತ್ಯಾರಾಧನೆಯೂ ಕಲೆತಿವೆ. ಕುರಿ, ಮೇಕೆ, ಕುದುರೆ, ಚಮರೀಮೃಗಗಳನ್ನು ಮೇಯಿಸುತ್ತ ಹುಲ್ಲುಗಾವಲಿನಿಂದ ಹುಲ್ಲುಗಾವಲಿಗೆ ಸಾಗುವುದು ಅವರ ಪೂರ್ವಿಕ ವೃತ್ತಿ. ೧೯೨೧ರಿಂದ ೧೯೪೪ರವರೆಗೆ ತೂವಾ ಹೆಸರಿಗಾದರೂ ಸ್ವತಂತ್ರ ರಾಷ್ಟ್ರವಾಗಿತ್ತು. ಆ ಅವಧಿಯಲ್ಲಿ ಅದು ಹೊರಡಿಸಿದ ತ್ರಿಕೋನಾಕಾರದ, ವಜ್ರಾಕಾರದ ಅಂಚೆಚೀಟಿಗಳು ಲೋಕದ ಸಂಗ್ರಾಹಕರಿಗೆಲ್ಲ ಪರಿಚಿತವಾದವು. ನೊಬೆಲ್ ಪಾರಿತೋಷಕ ಪಡೆದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಬಾಲ್ಯದಲ್ಲಿ ಆ ಅಂಚೆಚೀಟಿಗಳಿಗೆ ಮರುಳಾಗಿ, ಮುಪ್ಪಿನಲ್ಲಿ ಹತ್ತು ವರ್ಷ ಆ ನಾಡನ್ನು ಕಾಣಲು ಹವಣಿಸಿದರು. ೧೯೮೮ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಸೋವಿಯತ್ ಅಧಿಕಾರಿಗಳ ಆಹ್ವಾನಪತ್ರ ಅನಂತರ ಬಂದು ತಲಪಿತು.

ಈ ಗಾನಕ್ಕೆ ಅವರ ಭಾಷೆಯಲ್ಲಿ ಖೂಮೇಯ್ ಎಂದು ಹೆಸರು. ಇದರೊಳಗೆ ಹಲವು ಪ್ರಭೇದಗಳುಂಟು. ಸಿಗಿತ್ ಎಂಬುದರಲ್ಲಿ ಮೇಲಿನ ನಾದ ತೀಕ್ಷ್ಣವಾದ ಸಿಳ್ಳಿನಂತಿರುತ್ತದೆ. ಕಾರ್ಗಿರಾ ಎಂಬುದು ಮಂದ್ರ. ಅದನ್ನು ಕೇಳಿದಾಗ ಮನುಷ್ಯನ ದನಿಯೋ ನೆಲದ ಗುಡುಗೋ ತಿಳಿಯದು. ಎಜೆಂಗಿಲೇರ್ ಎಂಬ ಇನ್ನೊಂದು ಬಗೆಯಿದೆ. ‘ಎಜೆಂಗಿ’ ಎಂದರೆ ರಿಕಾಪು, ಎಂದರೆ ಕುದುರೆಯೇರಿದವನು ಕಾಲಿಡುವ ಬಳೆ. ಓಡುವ ಕುದುರೆಯ ಮೇಲೆ ಕುಳಿತವನ ದನಿ ಹೇಗೆ ಕುಲುಕುವುದೋ ಆ ಲಯವನ್ನು ಈ ಹಾಡಿಕೆ ಅನುಕರಿಸುತ್ತದೆ. ಇದನ್ನು ಓದಿದಾಗ ಭಾಮಿನಿಯ ಮೂರು ನಾಲ್ಕು ಮಾತ್ರೆಗಳ ನಡೆಯನ್ನು ಮಕ್ಕಳಿಗೆ ತಿಳಿಸಲು ನಾನು ಮೇಜಿನ ಮೇಲೆ ಬೆರಳಿನಿಂದ ಕುದುರೆ ಓಡಿಸುವುದು ನೆನಪಾಯಿತು. ನನ್ನ ಬೋಧನಕ್ರಮಕ್ಕೆ ಸೈಬೀರಿಯದಿಂದ ಸಮರ್ಥನೆ ದೊರೆತುದಕ್ಕೆ ಸಂತೋಷವಾಯಿತೆಂದು ಹೇಳಬಾರದೇಕೆ?

ಇನ್ನು, ಒಂದು ಕೊರಳಿನಲ್ಲಿ ಎರಡು ನಾದ ಹೊರಡುವ ಬಗೆ ಹೇಗೆ? ಇದನ್ನು ತುಸು ವಿಸ್ತರಿಸಿ ಹೇಳಬೇಕು.

ನಾವು ಒಂದು ಸ್ವರವೆಂದು ಕೇಳುವುದು ವಾಸ್ತವವಾಗಿ ಒಂದೇ ಸ್ವರವಲ್ಲ. ಮೀಟಿದ ತಂತಿಯೊಂದು ಕ್ಷಣಕ್ಕೆ ನೂರು ಬಾರಿ ಕಂಪಿಸುತ್ತಿದೆಯೆಂದು ಇಟ್ಟುಕೊಳ್ಳೋಣ. (ಇಲ್ಲಿ ಕ್ಷಣವೆಂದರೆ ಒಂದು ಸೆಕೆಂಡು.) ಅದೇ ತಂತಿ ಅದೇ ಸಮಯದಲ್ಲಿ ತನ್ನ ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು, ಐದನೆಯ ಒಂದು ಪಾಲಿನ ತುಂಡುಗಳಾಗಿಯೂ ಕಂಪಿಸುತ್ತಿರುತ್ತದೆ. ಆದ್ದರಿಂದ ಮೂಲದ ನೂರರ ಸಂಗಡ ಇನ್ನೂರು, ಮುನ್ನೂರು, ನಾನ್ನೂರು, ಐನೂರು ಹೀಗೆ ಕಂಪನಗಳ ಪರಂಪರೆಯೇ ಏಳುತ್ತದೆ. ವಿಜ್ಞಾನದ ಪುಸ್ತಕಗಳಲ್ಲಿ ಇವು ಹಾರ್ಮೋನಿಕ್ಸ್. ಇಲ್ಲಿ ಉಪಸ್ವರಗಳೆಂದು ಕರೆಯೋಣ. ನೂರು ನಮ್ಮ ಷಡ್ಜವಾದರೆ ಇನ್ನೂರು ಮೇಲಿನ ಷಡ್ಜ. ಮುನ್ನೂರು ಅದರ ಪಂಚಮ. ನಾನ್ನೂರು ಮತ್ತೂ ಮೇಲಿನ ಷಡ್ಜ. ಐನೂರು ಅದರ ಅಂತರ ಗಾಂಧಾರ. ಒಂದು ಷಡ್ಜವನ್ನು ನುಡಿಸಿದರೆ ಅದರೊಳಗೆ ಪಂಚಮವೂ ಗಾಂಧಾರವೂ ಕರೆಯದೆ ಬಂದು ಕುಳಿತಿರುತ್ತವೆ. ಸಾಧಾರಣವಾಗಿ ನಮ್ಮ ಕಿವಿ ಅವುಗಳನ್ನು ಬೇರ್ಪಡಿಸಿ ಕೇಳುವುದಿಲ್ಲ. ಎಲ್ಲವನ್ನೂ ಕಲಸಿ ‘ಇದು ವೀಣೆಯ ದನಿ, ಇದು ಮನುಷ್ಯನ ದನಿ’ ಎಂದು ಗುರುತಿಸಿ ಸುಮ್ಮನಾಗುತ್ತದೆ.

ತೂವಾದ ಗಾಯಕನು ಮಾಡುವುದಿಷ್ಟೆ. ಗಂಟಲನ್ನು ಬಿಗಿಹಿಡಿದು, ಉಪಸ್ವರಗಳಿಂದ ತುಂಬಿದ ಒಂದು ಸ್ಥಿರವಾದ ಮೂಲಸ್ವರವನ್ನು ಹೊರಡಿಸುತ್ತಾನೆ. ಆಮೇಲೆ ನಾಲಗೆ, ತುಟಿ, ದವಡೆಗಳಿಂದ ಬಾಯಿಯ ಗುಹೆಯನ್ನು ಹಿರಿದು ಕಿರಿದು ಮಾಡುತ್ತ, ಆ ಉಪಸ್ವರಗಳಲ್ಲಿ ತನಗೆ ಬೇಕಾದ ಒಂದನ್ನು ಮಾತ್ರ ಹೆಚ್ಚಿಸಿ ಉಳಿದುವನ್ನು ತಗ್ಗಿಸುತ್ತಾನೆ. ಸಿಗಿತ್‌ನಲ್ಲಿ ನಾಲಗೆ ಅಂಗುಳಿಗೆ ಒತ್ತಿ ನಿಂತು ಉಸಿರಿಗೆ ಕಿರಿದಾದ ಒಂದು ಕಂಡಿಯನ್ನು ಮಾತ್ರ ಬಿಡುತ್ತದೆ. ಕಾರ್ಗಿರಾದಲ್ಲಿ ನಿಜವಾದ ಧ್ವನಿತಂತುಗಳ ಮೇಲಿರುವ ಇನ್ನೊಂದು ಜೊತೆ ಮಡಿಕೆಗಳೂ ಅರ್ಧವೇಗದಲ್ಲಿ ಕಂಪಿಸುವುದರಿಂದ ದನಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಹೊಸದಾಗಿ ಏನನ್ನೂ ಸೇರಿಸುವುದಿಲ್ಲ; ಎಲ್ಲರ ಕೊರಳಿನಲ್ಲಿಯೂ ಅಡಗಿರುವುದನ್ನೇ ಹೊರಗೆ ಕಾಣಿಸುತ್ತಾನೆ.

ರಾಗಕ್ಕಾಗಿ ಅವರು ಹೆಚ್ಚಾಗಿ ಆರಿಸಿಕೊಳ್ಳುವುವು ಆರನೆಯ, ಎಂಟನೆಯ, ಒಂಬತ್ತನೆಯ, ಹತ್ತನೆಯ, ಹನ್ನೆರಡನೆಯ ಉಪಸ್ವರಗಳು. ಲೆಕ್ಕ ಹಾಕಿ ನೋಡಿದರೆ ಇವು ಕ್ರಮವಾಗಿ ಪಂಚಮ, ಷಡ್ಜ, ಚತುಃಶ್ರುತಿ ಋಷಭ, ಅಂತರ ಗಾಂಧಾರ, ಮತ್ತೆ ಪಂಚಮ. ಏಳನೆಯದೂ ಹನ್ನೊಂದನೆಯದೂ ಕಿವಿಗೆ ಒಗ್ಗದ ಎಡೆಗಳಲ್ಲಿ ಬೀಳುವುದರಿಂದ ಅವನ್ನು ಸಾಮಾನ್ಯವಾಗಿ ಬಿಟ್ಟು ನಡೆಯುತ್ತಾರೆ. ಹದಿಮೂರನೆಯದನ್ನು ಮುಟ್ಟಿದಾಗ ಧೈವತದ ಆಸುಪಾಸಿನ ಒಂದು ಸ್ವರ ಮಿಂಚಿ ಹೋಗುತ್ತದೆ. ಮೊದಲ ದಿನವೇ ನನ್ನ ಮಗಳು, ‘ಅಪ್ಪಾಜಿ, ಇದು ನಮ್ಮ ಮೋಹನ ಇದ್ದ ಹಾಗಿದೆಯಲ್ಲ?’ ಎಂದು ಕೇಳಿದ್ದಳು. ಪರದೇಶದ ಹಾಡಿನಲ್ಲಿ ರಾಗ ಹುಡುಕುವುದು ಬಾಲಿಶವೆಂದು ನಾನು ಆಗ ಮಾತು ಹಾರಿಸಿದೆ. ಲೆಕ್ಕ ಮಾಡಿದ ಮೇಲೆ ಅವಳ ಕಿವಿಯೇ ಸರಿಯೆನ್ನಬೇಕಾಯಿತು. ಅವರು ಮೋಹನವನ್ನು ಹಾಡುತ್ತಿಲ್ಲ, ನಿಜ. ಆದರೆ ನಾದದ ಮಡಿಕೆಯೊಳಗೆ ಪ್ರಕೃತಿಯೇ ಇಟ್ಟಿರುವ ಸ್ವರಗಳನ್ನು ಅವರು ಆಯ್ದುಕೊಂಡಾಗ ನಮ್ಮ ಮೋಹನದ ನೆರಳು ಅಲ್ಲಿ ಬಿದ್ದೇ ಬೀಳುತ್ತದೆ.

ಇಷ್ಟಾದ ಮೇಲೆ ವ್ಯಾಕರಣ ಓದಿದವನಿಗೆ ಹೊಳೆಯಬೇಕಾದುದು ಹೊಳೆಯಿತು. ಉಪಸ್ವರಗಳನ್ನು ಆರಿಸಲು ಆ ಗಾಯಕರು, ವಿಶೇಷವಾಗಿ ಕಾರ್ಗಿರಾ ಹಾಡುವವರು, ಬಾಯಿಯನ್ನು ಹೊಂದಿಸುವ ಬಗೆಯೇನು? ಉ, ಓ, ಆ, ಎ, ಈ ಎಂಬ ಅಕ್ಷರಗಳನ್ನು ಉಚ್ಚರಿಸುವಾಗ ನಾವು ಹೊಂದಿಸಿಕೊಳ್ಳುವ ಬಗೆಯೇ ಅದು. ಒಂದೇ ಶ್ರುತಿಯಲ್ಲಿ ದನಿಯನ್ನು ನಿಲ್ಲಿಸಿ ಉಕಾರದಿಂದ ಈಕಾರಕ್ಕೆ ಬಹು ನಿಧಾನವಾಗಿ ಜಾರಿರಿ. ಮನೆಯಲ್ಲಿ ಯಾರೂ ಇಲ್ಲದಾಗ ಇದನ್ನು ಮಾಡುವುದು ಕ್ಷೇಮ. ಶ್ರುತಿ ಬದಲಾಗದಿದ್ದರೂ ದನಿಯ ಮೇಲಂಚಿನಲ್ಲಿ ಏನೋ ಒಂದು ಮೆಟ್ಟಿಲು ಮೆಟ್ಟಿಲಾಗಿ ಏರಿದಂತೆ ಕೇಳಿಸುತ್ತದೆ. ಉಕಾರ ಈಕಾರಗಳಿಗಿರುವ ಭೇದವೇ ಉಪಸ್ವರಗಳಲ್ಲಿ ಯಾವುವು ಮುಂದೆ ಬಂದುವೆಂಬ ಭೇದ. ನಮ್ಮ ಪ್ರಾಚೀನರು ಅಚ್ಚಿಗೂ ‘ಸ್ವರ’ವೆಂದರು, ಸಪ್ತಸ್ವರಗಳಿಗೂ ‘ಸ್ವರ’ವೆಂದರು. ಮೂವತ್ತು ವರ್ಷಗಳಿಂದ ನಾನು ಮಕ್ಕಳಿಗೆ ‘ಪದ ಒಂದೇ, ಅರ್ಥ ಎರಡು, ಗೊಂದಲ ಮಾಡಿಕೊಳ್ಳಬೇಡಿ’ ಎಂದು ಹೇಳುತ್ತ ಬಂದಿದ್ದೇನೆ. ಸೈಬೀರಿಯದ ಕುರುಬನೊಬ್ಬನ ಬಾಯಲ್ಲಿ ಆ ಎರಡು ಅರ್ಥಗಳೂ ಒಂದೇ ಆಗಿ ನಿಂತುವು: ಅಕ್ಷರಸ್ವರ ಬದಲಾದರೆ ಗಾನಸ್ವರ ಬದಲಾಗುತ್ತದೆ. ನಮ್ಮ ಪೂರ್ವಿಕರು ಇದನ್ನು ತಿಳಿದೇ ಒಂದು ಪದವನ್ನಿಟ್ಟರೆಂದು ಸಾಧಿಸಲು ನಾನು ಹೊರಟಿಲ್ಲ; ಅಂತಹ ಸಾಧನೆಗಳು ನಮ್ಮಲ್ಲಿ ಈಗಾಗಲೇ ಸಾಕಷ್ಟಿವೆ. ಆದರೆ ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಬ್ದದ ಹುಟ್ಟನ್ನು ವಿವರಿಸುವಾಗ ನಾಭಿಮೂಲದಲ್ಲಿ ಕಹಳೆಯ ಮಾದರಿಯನ್ನು ನೆನೆದುದು ಈಗ ನನಗೆ ಬರಿಯ ಉಪಮೆಯಾಗಿ ತೋರುವುದಿಲ್ಲ. ಆ ಪದ್ಯವನ್ನು ಪಾಠ ಹೇಳುವಾಗ ಈ ವರ್ಷ ಕಾರ್ಗಿರಾದ ಒಂದು ತುಣುಕನ್ನು ತರಗತಿಯಲ್ಲಿ ಕೇಳಿಸಿದೆ. ಹಿಂದಿನ ಬೆಂಚಿನವರೂ ತಲೆಯೆತ್ತಿದರು.

ಕೇಳಿಸಿದೆನೆಂದು ಸುಲಭವಾಗಿ ಬರೆದುಬಿಟ್ಟೆ. ಅದಕ್ಕೆ ಮೊದಲು ನನಗಾದ ಮುಖಭಂಗವನ್ನೂ ಹೇಳಬೇಕು. ಇಂತಹದೊಂದು ದೊರೆತಾಗ ಮತ್ತೊಬ್ಬರಿಗೆ ಕೇಳಿಸದೆ ಇರಲಾಗುವುದಿಲ್ಲ. ಮರುದಿನವೇ ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರನ್ನೂ ಮೇಜಿನ ಸುತ್ತ ಕೂಡಿಸಿ, ಮೊಬೈಲನ್ನು ನಡುವೆ ಇಟ್ಟು ಹಾಡು ಹಚ್ಚಿದೆ. ಕೇಳಿಸಿದ್ದು ತೆಳುವಾದ ಒಂದು ಸಿಳ್ಳು ಮಾತ್ರ. ಗಣಿತದ ಮಿತ್ರರು, ‘ಪಂಡಿತರೇ, ಇದಕ್ಕೆ ತೂವಾದವರೆಗೆ ಹೋಗಬೇಕಿತ್ತೆ? ನಮ್ಮ ಬಸ್ಸಿನ ಕಂಡಕ್ಟರೇ ಚೆನ್ನಾಗಿ ಹೊಡೆಯುತ್ತಾನೆ’ ಎಂದರು. ದೋಷ ಹಾಡಿನದಲ್ಲ. ಅಂಗೈಯಗಲದ ಆ ಯಂತ್ರದೊಳಗಿನ ಧ್ವನಿವರ್ಧಕ ಬಹು ಚಿಕ್ಕದಾದುದರಿಂದ ಮಂದ್ರವನ್ನು ಹೊರಲಾರದು. ಕೆಳಗಿನ ಸ್ವರ ಬಿದ್ದುಹೋಗಿ ಮೇಲಿನದೊಂದೇ ಉಳಿಯುತ್ತದೆ. ಬೇರಿಲ್ಲದ ಹೂವನ್ನು ತೋರಿಸಿದಂತಾಯಿತು. ಆಗ ನಮ್ಮ ಸಂಗೀತದ ಅಧ್ಯಾಪಿಕೆಯವರು ತಮ್ಮ ಚೀಲದಿಂದ ಇಯರ್‌ಫೋನನ್ನು ತೆಗೆದು, ‘ಇದರಲ್ಲಿ ಕೇಳಿ ನೋಡೋಣ’ ಎಂದು ನನ್ನ ಕಡೆಗೆ ಚಾಚಿದರು. ನನ್ನ ವಯಸ್ಸಿನಲ್ಲಿ ಮೊದಲ ಬಾರಿಗೆ ನಾನು ಕಿವಿಗೆ ಬಿರಡೆ ಹಾಕಿಕೊಂಡೆ. ಟಿ.ವಿ.ಯಲ್ಲಿ ಕೇಳಿದುದು ಅರ್ಧವೂ ಅಲ್ಲವೆಂದು ತಿಳಿಯಿತು. ಉಸಿರನ್ನು ಎಳೆದುಕೊಳ್ಳುವ ಸದ್ದು, ನಾಲಗೆ ಅಂಗುಳನ್ನು ಬಿಡುವ ಸದ್ದು, ಮೂಲಸ್ವರದ ಒಡಲೊಳಗಿನ ನಡುಕ, ಎಲ್ಲವೂ ಎರಡು ಕಿವಿಗಳ ನಡುವೆ ನಡೆಯುತ್ತಿದ್ದವು. ಸರಸ್ವತಿಯ ವಿಷಯವಾಗಿ ಹುಡುಗನಿಗೆ ನಾನು ಹೇಳಿದ ಮಾತು ಆ ಹೊತ್ತಿಗೆ ನೆನಪಾಗದೆ ಇರಲಿಲ್ಲ.

ಸಹೋದ್ಯೋಗಿಗಳೆಲ್ಲ ಸರದಿಯಂತೆ ಕೇಳಿದರು. ಸಂಗೀತದ ಅಧ್ಯಾಪಿಕೆಯವರು ಕಣ್ಣುಮುಚ್ಚಿ ಕೇಳಿ ಮುಗಿಸಿ, ‘ಇದು ತಂಬೂರಿಯ ಸ್ವಯಂಭೂ ಗಾಂಧಾರವಲ್ಲವೇ!’ ಎಂದರು. ಅವರ ಮಾತು ನಿಜ. ಶ್ರುತಿ ಶುದ್ಧವಾಗಿ ಸೇರಿದ ತಂಬೂರಿಯ ಮಂದ್ರ ಷಡ್ಜವನ್ನು ಮೀಟಿದಾಗ, ಯಾವ ತಂತಿಯನ್ನೂ ಗಾಂಧಾರಕ್ಕೆ ಹೂಡಿಲ್ಲದಿದ್ದರೂ ಗಾಂಧಾರವು ತಾನಾಗಿ ಎದ್ದು ನಿಲ್ಲುತ್ತದೆ. ಮೇಲೆ ಹೇಳಿದ ಐದನೆಯ ಉಪಸ್ವರವೇ ಅದು. ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ಜೀವಾಳದ ನೂಲು ಈ ಉಪಸ್ವರಗಳನ್ನು ಎಬ್ಬಿಸುವ ಕೀಲಿ. ನೂಲನ್ನು ಕೂದಲೆಳೆಯಷ್ಟು ಸರಿಸಿದರೆ ತಂಬೂರಿ ನುಡಿಯುತ್ತದೆ, ಇಲ್ಲವೆ ಮಂಕಾಗುತ್ತದೆ. ಸರ್ ಸಿ. ವಿ. ರಾಮನ್ನರು ಬೆಂಗಳೂರಿಗೆ ಬರುವುದಕ್ಕೂ ಮೊದಲು, ಕಲ್ಕತ್ತೆಯಲ್ಲಿದ್ದಾಗ, ೧೯೨೧ರಲ್ಲಿ ವೀಣೆ ತಂಬೂರಿಗಳನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಯಾವ ಉಪಸ್ವರಗಳು ಹುಟ್ಟಬಾರದೆಂದು ಐರೋಪ್ಯ ಶಾಸ್ತ್ರ ವಿಧಿಸಿತ್ತೋ ಅವೂ ನಮ್ಮ ವಾದ್ಯಗಳಲ್ಲಿ ಹುಟ್ಟುತ್ತವೆ, ಅದಕ್ಕೆ ಕಾರಣ ಕುದುರೆಯ ಆ ವಿಶೇಷ ರಚನೆ ಎಂದು ಅವರು ತೋರಿಸಿದರು.

ತೂವಾದ ಹಾಡಿಕೆಯನ್ನು ಹೊರಗಿನವರು ಒಲಿಸಿಕೊಂಡ ಕಥೆಗಳಲ್ಲಿ ಒಂದನ್ನು ಹೇಳದೆ ಮುಂದೆ ಹೋಗಲಾರೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಪಾಲ್ ಪೀನಾ ಎಂಬ ಅಂಧ ಗಾಯಕರಿದ್ದರು (೧೯೫೦–೨೦೦೫). ಕಪ್ಪು ಜನಾಂಗದ ಬ್ಲೂಸ್ ಎಂಬ ಸಂಗೀತದಲ್ಲಿ ನುರಿತವರು. ೧೯೮೪ರ ಕೊನೆಯ ದಿನಗಳಲ್ಲಿ ಒಂದು ರಾತ್ರಿ ಕಿರುತರಂಗದ ರೇಡಿಯೋದಲ್ಲಿ ಭಾಷಾಪಾಠವೊಂದನ್ನು ಅರಸುತ್ತ ಮುಳ್ಳನ್ನು ತಿರುಗಿಸುತ್ತಿರಲು, ಮಾಸ್ಕೋ ಕೇಂದ್ರದಿಂದ ಈ ಗಾನ ಕೇಳಿಸಿತು. ಅದೇನೆಂದು ತಿಳಿಯಲು, ಅದರದೊಂದು ಧ್ವನಿಮುದ್ರಿಕೆಯನ್ನು ಕೈಗೆ ಪಡೆಯಲು ಅವರಿಗೆ ವರ್ಷಗಳೇ ಹಿಡಿದವು. ದೊರೆತ ಮೇಲೆ ಅದನ್ನು ಮತ್ತೆ ಮತ್ತೆ ಕೇಳಿ, ಗುರುವಿಲ್ಲದೆ, ಕಾರ್ಗಿರಾವನ್ನು ತಾವೇ ಕಲಿತರು. ಹಾಡಿನ ಅರ್ಥವಾಗಬೇಕಲ್ಲ? ತೂವಾ ಭಾಷೆಯಿಂದ ಇಂಗ್ಲಿಷಿಗೆ ನೇರವಾದ ನಿಘಂಟು ಅವರಿಗೆ ದೊರೆಯಲಿಲ್ಲ. ತೂವಾ–ರಷ್ಯನ್ ನಿಘಂಟೊಂದನ್ನೂ ರಷ್ಯನ್–ಇಂಗ್ಲಿಷ್ ನಿಘಂಟೊಂದನ್ನೂ ಇಟ್ಟುಕೊಂಡು, ಅಚ್ಚಿನ ಅಕ್ಷರವನ್ನು ಬೆರಳ ತುದಿಗೆ ಸ್ಪರ್ಶವಾಗಿ ತಿಳಿಸುವ ಯಂತ್ರದ ನೆರವಿನಿಂದ, ಪದದಿಂದ ಪದಕ್ಕೆ, ಭಾಷೆಯಿಂದ ಭಾಷೆಗೆ ತಡವುತ್ತ ಹೋದರು. ಕಿಟ್ಟೆಲ್ ಕೋಶವನ್ನು ಬೆಳಕಿನಲ್ಲಿ, ಕನ್ನಡಕದೊಂದಿಗೆ, ಕುರ್ಚಿಯಲ್ಲಿ ಕುಳಿತು ತಿರುವಿಹಾಕಲು ಬೇಸರಿಸುವ ನಮ್ಮ ತರುಣ ಅಧ್ಯಾಪಕರು ಇದನ್ನು ಗಮನಿಸಬೇಕು. ತೂವಾದ ಹೆಸರಾಂತ ಗಾಯಕ ಕೊಂಗಾರ್-ಓಲ್ ಒಂದಾರ್ ೧೯೯೩ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಾಗ ಪೀನಾ ಅವರ ಮುಂದೆ ಹಾಡಿ ಅವರನ್ನು ಬೆರಗುಗೊಳಿಸಿದರು. ೧೯೯೫ರಲ್ಲಿ ಕಿಜಿಲ್‌ನಲ್ಲಿ ನಡೆದ ಸ್ಪರ್ಧೆಗೆ ಹೋಗಿ ಕಾರ್ಗಿರಾ ವಿಭಾಗದಲ್ಲಿ ಪ್ರಥಮ ಸ್ಥಾನ ಪಡೆದರು. ಆ ಪ್ರಯಾಣದ ಸಾಕ್ಷ್ಯಚಿತ್ರ ‘ಗೆಂಗಿಸ್ ಬ್ಲೂಸ್’ ೧೯೯೯ರಲ್ಲಿ ಬಂದಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರಿಗೆ ಕಿವಿಯನ್ನೇ ಕಣ್ಣಾಗಿಸಿದ ಪರಿಯನ್ನು ಬಲ್ಲ ನಮಗೆ ಆ ಮನುಷ್ಯನ ಹಂಬಲ ಎಂತಹುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ತೂವಾದಲ್ಲಿ ಹೆಂಗಸರು ಹೀಗೆ ಹಾಡಬಾರದು, ಹಾಡಿದರೆ ಮಕ್ಕಳಾಗುವುದಕ್ಕೆ ಕೇಡೆಂಬ ನಂಬಿಕೆ ಬಹುಕಾಲ ಇದ್ದಿತು. ೧೯೯೮ರಲ್ಲಿ ಚೋದುರಾ ತೂಮಾತ್ ಎಂಬಾಕೆ ‘ತಿವಾ ಕಿಜಿ’ ಎಂಬ ಮಹಿಳೆಯರ ತಂಡವನ್ನೇ ಕಟ್ಟಿದರು. ಅವರ ಹಾಡುಗಳೂ ಅಂತರ್ಜಾಲದಲ್ಲಿವೆ. ನನ್ನ ಮಗಳು ಅಡುಗೆಮನೆಯಲ್ಲಿ ಅಭ್ಯಾಸ ನಡೆಸಿದ್ದಾಳೆ. ಫಲಿತಾಂಶವನ್ನು ಕುರಿತು ಸದ್ಯಕ್ಕೆ ಏನನ್ನೂ ಬರೆಯದಿರುವುದು ಲೇಸು.

ಕೇಳಬಯಸುವವರಿಗೆ ಎರಡು ಮಾತು. ಯೂಟ್ಯೂಬಿನಲ್ಲಿ ‘ಹೂನ್-ಹೂರ್-ತೂ’ ಎಂಬ ತಂಡದ ಹೆಸರನ್ನು ಹುಡುಕುವುದರಿಂದ ತೊಡಗಬಹುದು. ೧೯೯೨ರಲ್ಲಿ ಹುಟ್ಟಿದ ತಂಡವಿದು. ಹುಲ್ಲುಗಾವಲಿನ ಮೇಲೆ ಬೆಳಗು ಬೈಗುಗಳಲ್ಲಿ ಬಿಸಿಲಕೋಲುಗಳು ಬಿಡಿಬಿಡಿಯಾಗಿ ಇಳಿಯುವ ನೋಟಕ್ಕೆ ಅವರು ಕೊಡುವ ಹೆಸರೇ ತಂಡದ ಹೆಸರು. ನಾದವನ್ನು ಬಿಡಿಸಿ ತೋರಿಸುವವರಿಗೆ ಇದಕ್ಕಿಂತ ಒಪ್ಪುವ ಹೆಸರು 	ಉಂಟೆ? ಒಂದು ಹಾಡನ್ನು ಕೇಳಿದಿರೆಂದರೆ ಆ ಯಂತ್ರ ತಾನಾಗಿ ಹತ್ತನ್ನು ತಂದು ಮುಂದಿಡುತ್ತದೆ. ಅವುಗಳಲ್ಲಿ ಜೊಳ್ಳು ಬಹಳ. ಈ ನಾದವನ್ನು ಕೇಳಿದರೆ ರಕ್ತದೊತ್ತಡ ಇಳಿಯುವುದು, ಸಕ್ಕರೆ ಕಾಯಿಲೆ ವಾಸಿಯಾಗುವುದು ಎಂದು ಹಣೆಪಟ್ಟಿ ಹಚ್ಚಿಕೊಂಡು ಬರುವುವನ್ನು ದೂರವಿಡಬೇಕು. ಮಂಗೋಲಿಯದ ‘ದ ಹೂ’ ಎಂಬ ತರುಣರ ತಂಡವೊಂದು ಇದೇ ಕೊರಳಿಗೆ ವಿದ್ಯುತ್ ಗಿಟಾರು, ಭಾರಿ ಡ್ರಮ್ಮುಗಳನ್ನು ಬೆರೆಸಿ ೨೦೧೮ರಿಂದ ಲೋಕಪ್ರಸಿದ್ಧವಾಗಿದೆ. ಚರ್ಮದ ಅಂಗಿಗಳು, ಗುಡುಗುವ ವಾದ್ಯಗಳು. ನನಗೆ ಮೂರು ನಿಮಿಷಗಳಲ್ಲಿ ತಲೆನೋವು ಬಂದಿತು. ಮಗಳು ಮೂರು ಬಾರಿ ಕೇಳಿದಳು. ಒಂದು ಕಾಲಕ್ಕೆ ಹಾರ್ಮೋನಿಯಮ್ಮನ್ನೂ ಜನ ಹೀಗೆಯೇ ಬೈದಿದ್ದರೆಂಬುದನ್ನು ನೆನೆದು ನಾನು ತೀರ್ಪು ಕೊಡಲು ಹೋಗಲಿಲ್ಲ.

ಇದಕ್ಕೆ ದೂರದ ಬಂಧುವೆನ್ನಬಹುದಾದ ಒಂದು ಪದ್ಧತಿ ನಮ್ಮ ರಾಜ್ಯದಲ್ಲಿಯೇ ಇದೆ. ಹುಣಸೂರು ತಾಲ್ಲೂಕಿನ ಗುರುಪುರದ ಟಿಬೆಟ್ಟಿಯನ್ನರ ನೆಲೆಯಲ್ಲಿ ಗ್ಯುಮೆ ಎಂಬ ಬೌದ್ಧಮಠವಿದೆ. ಅಲ್ಲಿಯ ಭಿಕ್ಷುಗಳ ಮಂತ್ರಪಠನದಲ್ಲಿಯೂ ಅತಿಮಂದ್ರವಾದ ಮೂಲಸ್ವರದ ಮೇಲೆ ಉಪಸ್ವರಗಳು ಏಳುತ್ತವೆ. ರಾಗಕ್ಕಾಗಿ ಅಲ್ಲ, ಪೂಜೆಗಾಗಿ. ಇಲ್ಲಿಂದ ಒಂದು ದಿನದ ಬಸ್ಸಿನ ಪಯಣದಷ್ಟು ದೂರದಲ್ಲಿದ್ದುದನ್ನು ನಾನು ತಿಳಿದುಕೊಂಡದ್ದು ಸೈಬೀರಿಯವನ್ನು ಸುತ್ತಿ ಬಂದ ಮೇಲೆ. ಬೇಸಗೆಯ ರಜೆಯಲ್ಲಿ ಹೋಗಬೇಕೆಂದಿದ್ದೇನೆ.

ಮನೆಯಲ್ಲಿ ನಮ್ಮ ತಂದೆಯವರ ತಂಬೂರಿಯೊಂದಿತ್ತು. ಹಲಸಿನ ಮರದ್ದು. ಅವರು ಅದನ್ನು ಮೀಟುತ್ತ ಭಾರತವನ್ನು ವಾಚಿಸುತ್ತಿದ್ದರು. ಚಿಕ್ಕಂದಿನಲ್ಲಿ ಅದಕ್ಕೆ ಬೆನ್ನು ಕೊಟ್ಟು ಕುಳಿತು ನಾನು ನಿದ್ದೆ ಹೋದದ್ದುಂಟು. ಅವರು ಹೋದಮೇಲೆ ತಂತಿಗಳು ಒಂದೊಂದಾಗಿ ಕಡಿದವು. ನಾನು ವಿದ್ಯುತ್ ತಂಬೂರಿಯ ಪೆಟ್ಟಿಗೆಯನ್ನು ತಂದೆ. ಆಮೇಲೆ ಅದೂ ಬೇಡವಾಗಿ ಮೊಬೈಲಿನ ಶ್ರುತಿಯೇ ಸಾಕಾಯಿತು. ಗುಂಡಿಯೊತ್ತಿದರೆ ನುಡಿಯುವುದನ್ನು ಬಿಟ್ಟು ಬಿರಡೆ ತಿರುಗಿಸುವವರಾರು? ಇಪ್ಪತ್ತೆರಡು ವರ್ಷ ಆ ತಂಬೂರಿ ಗೋಡೆಗೆ ಒರಗಿ, ಹಳೆಯ ಪಂಚೆ ಹೊದ್ದು ನಿಂತಿತ್ತು. ಕಳೆದ ದೀಪಾವಳಿಯ ಹೊತ್ತಿಗೆ ಅದನ್ನು ವೀಣೆ ದುರಸ್ತಿ ಮಾಡುವ ಹಿರಿಯರೊಬ್ಬರ ಬಳಿಗೆ ಒಯ್ದೆ. ಅವರು ಕುದುರೆಯನ್ನು ಅರದಿಂದ ಉಜ್ಜಿ ಹದಕ್ಕೆ ತಂದು, ಹೊಸ ತಂತಿಗಳನ್ನು ಹೂಡಿ, ಕಡೆಗೆ ಜೀವಾಳದ ನೂಲನ್ನು ನನ್ನ ಕೈಗೇ ಕೊಟ್ಟು, ‘ನೀವೇ ಸರಿಸಿ ನೋಡಿ’ ಎಂದರು. ಹತ್ತು ಹದಿನೈದು ಬಾರಿ ಏನೂ ಆಗಲಿಲ್ಲ. ಆಮೇಲೆ ಒಮ್ಮೆ, ಮಂದ್ರವನ್ನು ಮೀಟಿ ಬೆರಳನ್ನು ತೆಗೆದಾಗ, ತಂತಿಯಿಂದ ಗೇಣು ಮೇಲೆ ಗಾಳಿಯಲ್ಲಿ ಗಾಂಧಾರ ನಿಂತಿತ್ತು. ನಮ್ಮ ತಂದೆಯವರ ತಂಬೂರಿಯಲ್ಲಿ ಇದು ಆಗಲೂ ಇದ್ದಿರಲೇಬೇಕು. ಅಷ್ಟು ವರ್ಷ ಅದರ ಪಕ್ಕದಲ್ಲಿ ಕುಳಿತ ನನಗೆ ಕೇಳಿಸಿರಲಿಲ್ಲ.

ಅದನ್ನು ಮೊಬೈಲಿನಲ್ಲಿ ಮುದ್ರಿಸಿ ಆ ಶಿಷ್ಯನಿಗೆ ಕಳುಹಿಸಿದೆ. ಅಂದು ಮೇಜಿನ ಗೂಡಿನಲ್ಲಿಟ್ಟ ಅವನ ಇಯರ್‌ಫೋನು ಎಷ್ಟು ಹುಡುಕಿದರೂ ಸಿಗಲಿಲ್ಲವೆಂದೂ, ಹೊಸದೊಂದನ್ನು ತಂದಿಟ್ಟಿರುವೆನೆಂದೂ, ಬಂದು ತೆಗೆದುಕೊಂಡು ಹೋಗಬೇಕೆಂದೂ ಬರೆದೆ. ಹಾಗೆಯೇ, ಅಂದು ತರಗತಿಯಲ್ಲಿ ಏನು ಕೇಳುತ್ತಿದ್ದೆ ಎಂದು ವಿಚಾರಿಸಿದೆ. ‘ನೆನಪಿಲ್ಲ ಗುರುಗಳೇ, ಯಾವುದೋ ಸಿನಿಮಾ ಹಾಡು ಇರಬೇಕು. ಸಮಾವೇಶಕ್ಕೆ ಬರುತ್ತೇನೆ’ ಎಂದು ಉತ್ತರ ಬಂದಿತು.

ಈ ಸಂಚಿಕೆ ವಾಚಕರ ಕೈಸೇರುವ ಹಳೆಯ ವಿದ್ಯಾರ್ಥಿಗಳ ಸಮಾವೇಶದ ದಿನ, ಮಧ್ಯಾಹ್ನದ ಪ್ರಸಾದವಾದ ಮೇಲೆ, ಆ ತಂಬೂರಿಯನ್ನು ಕನ್ನಡ ವಿಭಾಗದ ಕೊಠಡಿಯಲ್ಲಿ ಇರಿಸಿರುತ್ತೇನೆ. ಅಧ್ಯಾಪಕರು, ದಾನಿಗಳು, ಹಳೆಯ ವಿದ್ಯಾರ್ಥಿಗಳು, ಬಯಸುವವರೆಲ್ಲ ಬಂದು ಕೇಳಬಹುದು. ತೂವಾದ ಹಾಡುಗಳೂ ಅಲ್ಲಿ ಸಿದ್ಧವಿರುತ್ತವೆ. ಇಯರ್‌ಫೋನನ್ನು ಮಾತ್ರ ಅವರವರೇ ತರತಕ್ಕದ್ದು.